ಮುತ್ಯಾಲಮ್ಮ ಅಂಟಿಸುವ ದಾರಗಳು

೧೯೪೯ರ ಮಾಗಿ, ಬೆಳಗಿನ ಆರು ಗಂಟೆ. ಚಿನ್ನದ ಗಣಿಗಳ ಊರಾದ ಊರಿಗಾಂನ ಹಳೆಯ ಶೆಡ್ಡಿನಲ್ಲಿ ಮುತ್ಯಾಲಮ್ಮ ಮರದ ರೆಕ್ಕೆಗೆ ದಾರ ಅಂಟಿಸುತ್ತಿದ್ದಾರೆ. ಬೆರಳುದ್ದದ ಬಿಳಿ ದಾರ, ಒಂದು ಕೊನೆಗೆ ಮಾತ್ರ ಅಂಟು. ರೆಕ್ಕೆಯೊಂದಕ್ಕೆ ನೂರಿಪ್ಪತ್ತು. ಎಂಟು ಗಂಟೆಗೆ ಗಾಳಿ ಬಿಡುವುದರೊಳಗೆ ಎರಡೂ ರೆಕ್ಕೆ ಮುಗಿಯಬೇಕು.

ಇದು ವಿಮಾನದ ಮಾದರಿ. ರೆಕ್ಕೆಗಳು ನೇರವಾಗಿ ಚಾಚಿಲ್ಲ, ಹಿಂದಕ್ಕೆ ಓರೆಯಾಗಿವೆ. ಇದನ್ನು ಮರದ ಸುರಂಗದೊಳಗೆ ನಿಲ್ಲಿಸಿ ದೊಡ್ಡ ಫ್ಯಾನಿನಿಂದ ಗಾಳಿ ಹರಿಸುತ್ತಾರೆ. ಗಾಳಿ ಕಾಣದು, ದಾರ ಕಾಣುತ್ತದೆ. ದಾರ ಮಲಗಿದ್ದರೆ ಗಾಳಿ ರೆಕ್ಕೆಯನ್ನು ಹಿಡಿದಿದೆ. ಎದ್ದು ಕುಣಿದರೆ ಬಿಟ್ಟಿದೆ.

ಬಂಗಾರಪೇಟೆಯಿಂದ ಮೊದಲ ರೈಲಿಗೆ ಬರುವ ಮುತ್ಯಾಲಮ್ಮನಿಗೆ ನಲವತ್ತಾರು. ಹದಿನೆಂಟು ವರ್ಷ ಗಣಿಯೊಳಕ್ಕೆ ಗಾಳಿ ಒಯ್ಯುವ ಕ್ಯಾನ್ವಾಸ್ ಕೊಳವೆ ಹೊಲಿದವರು. "ನಮ್ಮಣ್ಣ ಕೆಳಗಡೇನೇ ಕೆಲ್ಸ ಮಾಡ್ತಿದ್ದ. ಒಂದು ಒಲಿಗೆ ಬಿಟ್ರೂ ಅವ್ನಿಗೆ ಉಸ್ರು ಕಮ್ಮಿ ಆಯ್ತದೆ ಅಂತ ಬಯ. ಅಂಗೇ ಕೈ ಪಳಗ್ತು" ಎನ್ನುತ್ತಾರೆ.

ಹೋದ ತಿಂಗಳು ಆ ಕೈಯ ಮೇಲೇ ಅನುಮಾನ ಬಂತು. ಮಾದರಿಯ ಮೂತಿಯನ್ನು ಮೇಲೆತ್ತಿ ಗಾಳಿ ಬಿಟ್ಟಾಗ ರೆಕ್ಕೆಯ ಬುಡದ ದಾರಗಳು ಮಲಗಿಯೇ ಇದ್ದವು. ತುದಿಯವು ಮಾತ್ರ ಹೊರಕ್ಕೆ ವಾಲಿ ಕುಣಿದವು. "ಅಂಟು ಸರಿಯಾಗಿ ಹಿಡಿದಿಲ್ಲ, ಮತ್ತೆ ಮಾಡಿ" ಎಂದರು ಎಂಜಿನಿಯರ್ ಜಯರಾಮಪ್ಪ. ಮಾಡಿದರು. ಮತ್ತೆ ಅದೇ. ಮೂರನೆಯ ದಿನ, ಈ ಕೆಲಸಕ್ಕೆ ಬೇರೆಯವರನ್ನು ನೋಡುತ್ತೇನೆ ಎಂದುಬಿಟ್ಟರು.

ಮುತ್ಯಾಲಮ್ಮ ಜಾಗ ಬಿಟ್ಟು ಕದಲಲಿಲ್ಲ. "ಸಾಮಿ, ಈ ಸಲ ತುದಿ ದಾರ ನೀವೇ ಅಂಟ್ಸಿ. ಬುಡದ್ದು ನಾನು ಅಂಟಿಸ್ತೀನಿ."

ಜಯರಾಮಪ್ಪ ಕೂತು ಒಂದೊಂದನ್ನೂ ಒತ್ತಿ ಒತ್ತಿ ಅಂಟಿಸಿದರು. ಗಾಳಿ ಬಂತು. ಅವರ ದಾರಗಳೂ ಕುಣಿದವು.

ಅವರು ಸುರಂಗದ ಗಾಜಿನ ಕಿಂಡಿಯಲ್ಲಿ ಬಹಳ ಹೊತ್ತು ನೋಡಿದರು. ಫ್ಯಾನ್ ನಿಲ್ಲಿಸಿ, ಎಲ್ಲರೆದುರಿಗೇ ಹೇಳಿದರು: "ತಪ್ಪು ನಂದು, ಮುತ್ಯಾಲಮ್ಮ. ಗಾಳಿ ತುದಿಯನ್ನೇ ಮೊದಲು ಬಿಡ್ತಿದೆ. ಈ ರೆಕ್ಕೆ ಹಾಕಿ ಹಾರಿಸಿದ್ದರೆ ಒಳಗಿದ್ದವನು ಉಳೀತಿರಲಿಲ್ಲ."

ಆಮೇಲೆ ಬಡಗಿಗಳು ರೆಕ್ಕೆಯ ತುದಿಯನ್ನು ನಾಲ್ಕು ಸಲ ಕೆತ್ತಿ ತಿದ್ದಿದ್ದಾರೆ. ನಿನ್ನೆಯ ಗಾಳಿಯಲ್ಲಿ ತುದಿಯ ದಾರಗಳು ಮೊದಲ ಬಾರಿಗೆ ಮಲಗಿವೆ.

ಈ ಪರೀಕ್ಷೆಯ ವರದಿಯಲ್ಲಿ ನಿಮ್ಮ ಹೆಸರು ಬರುತ್ತದೆಯೇ ಎಂದು ಕೇಳಿದರೆ ಮುತ್ಯಾಲಮ್ಮ ನಗುತ್ತಾರೆ.

"ಎಸ್ರು ಯಾಕಪ್ಪ? ಇಮಾನ ಅಂದ್ರೆ ಮೇಲೆ ಓಗೋದು ಕಂಡಿದೀನಿ, ಅಷ್ಟೇ. ನೆಲದ ಮೇಲೆ ನಿಂತಿರೋದ್ರ ತಾವ ಒಂದ್ಸಲ ಕರ್ಕೊಂಡೋದ್ರೆ ಸಾಕು. ರೆಕ್ಕೆ ತುದಿ ಸವರಿ ಬತ್ತೀನಿ."