ಸದ್ದಿಲ್ಲದ ರೈಲಿನ ಗಂಗಣ್ಣ

ಬೇರೆಯವರ ಅಂಗಿ ಜೇಬಿನಲ್ಲಿ ಪೆನ್ನಿದ್ದರೆ ಗಂಗಣ್ಣನವರ ಜೇಬಿನಲ್ಲಿ ಸ್ಕ್ರೂಡ್ರೈವರ್ ಇರುತ್ತಿತ್ತು. ಮದುವೆಮನೆಗೂ ಹಾಗೇ ಹೋಗುವರು. ಊಟದ ಟೇಬಲ್ಲು ಅಲ್ಲಾಡಿದರೆ ಎಲೆ ಹಾಕುವ ಮೊದಲೇ ಬಗ್ಗಿ ಬಿಗಿದುಬಿಡುವರು. ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ತೊಂಬತ್ತರ ದಶಕದ ಕೊನೆಯಲ್ಲಿ ತುಮಕೂರಿನ ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದರು. ಜೊತೆಗೆ ಹೆಂಡತಿ ಪುಟ್ಟಮ್ಮ, ಮತ್ತು ಮಂಚದಗಲದ ಪ್ಲೈವುಡ್ ಹಲಗೆಯ ಮೇಲೊಂದು ಆಟದ ರೈಲು.

ರೈಲನ್ನು ಅವರೇ ಮಾಡಿದ್ದರು. ಹಳೇ ಟೇಪ್‌ರೆಕಾರ್ಡರಿನ ಮೋಟಾರು, ಹಿತ್ತಾಳೆ ಪಟ್ಟಿಯ ಹಳಿ, ಒಂದು ಸೇತುವೆ, ಒಂದು ಗುಬ್ಬಿ ಸ್ಟೇಷನ್. ಪುಟ್ಟಮ್ಮ ಗುಬ್ಬಿಯಲ್ಲಿ ಹಳಿಯ ಪಕ್ಕದ ಮನೆಯಲ್ಲೇ ಬೆಳೆದವರು. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿದ್ದವು. "ಅವ್ಳು ಕಿವೀಲೇ ರೈಲ್ ನೋಡೋದು ಮೇಷ್ಟ್ರೇ," ಎಂದು ಗಂಗಣ್ಣನವರು ಮೊದಲ ವಾರವೇ ಹೇಳಿದ್ದರು. ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ.

ಭಾನುವಾರ ಮಧ್ಯಾಹ್ನ ಮುದ್ದೆ ಉಂಡು ಮಲಗಿದರೆ ತಲೆಯ ಮೇಲೆ ಕಟಕಟ, ಕಟಕಟ. ನನಗೋ ಮೂಗಿನ ತುದಿಯಲ್ಲೇ ಕೋಪ. ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದೆ: "ಏನ್ ಗಂಗಣ್ಣ, ಇದು ಮನೇನೋ ಜಂಕ್ಷನ್ನೋ?"

"ತಪ್ಪಾಯ್ತು ಮೇಷ್ಟ್ರೇ. ನೋಡಾಣ ಬುಡಿ, ಕಮ್ಮಿ ಮಾಡ್ತೀನಿ."

ಮುಂದಿನ ವಾರ ಹಳಿಯ ಕೆಳಗೆ ಕಾರ್ಕ್ ಶೀಟ್ ಹಾಸಿದರು. ಸದ್ದು ಅರ್ಧಕ್ಕಿಳಿಯಿತು. ಇನ್ನೂ ಬರ್ತಿದೆ ಎಂದೆ. ಹಲಗೆಯ ಕಾಲುಗಳಿಗೆ ಟೈರಿನ ರಬ್ಬರು ಬಂತು. ಇನ್ನೂ ಸ್ವಲ್ಪ ಇದೆ ಎಂದೆ. ಒಂದು ಸಂಜೆ ಕೆಲಸದಿಂದ ಬಂದವರು ನಮ್ಮ ಬಾಗಿಲಲ್ಲೇ ನಿಂತು, "ಮೊಳೆ ಮೇಷ್ಟ್ರೇ, ಮೊಳೆ! ಹಳಿಗೆ ಹೊಡ್ದಿರೋ ಮೊಳೆ ಕಾರ್ಕ್ ದಾಟಿ ಹಲಗೆ ಕಚ್ಕೊಂಡವೆ. ಸದ್ದು ಅದ್ರಲ್ಲೇ ಇಳೀತೈತೆ," ಎಂದರು. ಒಂದೊಂದೇ ಮೊಳೆ ಕಿತ್ತು ಹಳಿಯನ್ನು ಗೋಂದಿನಲ್ಲಿ ಅಂಟಿಸಿದರು.

ನಿಜ ಹೇಳುತ್ತೇನೆ, ಕಾರ್ಕ್ ಹಾಕಿದ ದಿನವೇ ನನಗೆ ಸೊಗಸಾಗಿ ನಿದ್ದೆ ಬಂದಿತ್ತು. ಆದರೆ ಹೇಳಿದ್ದಕ್ಕೆಲ್ಲ ಹೂಂ ಅನ್ನುವ ಮನುಷ್ಯ ಸಿಕ್ಕರೆ ಹೇಳುವವನ ಚಪಲ ತೀರುವುದಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

ಆಮೇಲೆ ಮಹಡಿಯಲ್ಲಿ ಸದ್ದೇ ಇಲ್ಲ. ಶಹಭಾಸ್ ಹೇಳೋಣವೆಂದು ಒಂದು ಭಾನುವಾರ ಮೇಲೆ ಹೋದೆ. ಬಾಗಿಲು ತೆರೆದಿತ್ತು. ರೈಲು ಓಡುತ್ತಿತ್ತು. ಪುಟ್ಟಮ್ಮ ರೈಲಿಲ್ಲದ ಕಡೆಗೆ ಮುಖ ಮಾಡಿ ಕೂತಿದ್ದರು.

"ಯಾಕ್ರೀ, ನಿಂತೋಯ್ತಾ?" ಎಂದರು.

"ಇಲ್ಲ ಕಣೇ, ಓಡ್ತಾ ಐತೆ. ಇಗೋ, ಸೇತುವೆ ಮ್ಯಾಲೆ ಬಂತು ನೋಡು."

ಗಂಗಣ್ಣನವರು ಎಂಜಿನ್ನಿನ ಓಟಕ್ಕೆ ಸರಿಯಾಗಿ ಹಲಗೆಯ ಅಂಚನ್ನು ಉಗುರಿನಿಂದ ಟಕಟಕ ಬಡಿಯುತ್ತಾ ಸರಿದರು. ಅವರು ಸರಿದತ್ತ ಪುಟ್ಟಮ್ಮನ ಮುಖವೂ ತಿರುಗಿತು. ಅಷ್ಟರಲ್ಲಿ ಗಂಗಣ್ಣನವರು ನನ್ನನ್ನು ಕಂಡರು. ಬಡಿಯುತ್ತಿದ್ದ ಕೈಯನ್ನು ತಟ್ಟನೆ ಹಿಂದಕ್ಕೆಳೆದುಕೊಂಡರು.

"ಅಯ್ಯೋ, ಕೆಳಕ್ಕೆ ಕೇಳಿಸ್ತಾ ಮೇಷ್ಟ್ರೇ?"

ಇಲ್ಲ ಎಂದೆ. ಮೊಳೆ ಮತ್ತೆ ಹೊಡೆಯಿರಿ ಎನ್ನಲಿಲ್ಲ. ವರ್ಷದ ಮೇಲೆ ಅವರು ಮನೆ ಖಾಲಿ ಮಾಡಿ ಹೋದರು. ಅಲ್ಲಿಯವರೆಗೂ ಎನ್ನಲಿಲ್ಲ.