ಹಿತ್ತಲಿನ ತಣ್ಣೀರು

ಮೆಡಿಕಲ್ ಕಾಲೇಜಿನ ಮೊದಲ ವರ್ಷ. ಶವ ಕೊಯ್ದು ಕಲಿಯುವ ತರಗತಿ ಶುರುವಾದ ದಿನವೇ ಕೋಗಿಲು ಊರಿನ ನಮ್ಮ ಮನೆಯ ಬಾಗಿಲಲ್ಲಿ ಅಜ್ಜಿ ನನ್ನನ್ನು ತಡೆದಳು.

"ಎಣ ಮುಟ್ಟಿ ಅಂಗೇ ಒಳಕ್ಕೆ ಬರ್ಬ್ಯಾಡ. ಹಿತ್ತಲಲ್ಲಿ ತಲೆಗೆ ನೀರು ಉಯ್ಕೊಂಡು ಬಾ."

ಗ್ಲೌಸ್ ಹಾಕಿದ್ದೆ, ಸೋಪು ಹಚ್ಚಿ ಮೂರು ಸಲ ಕೈ ತೊಳೆದಿದ್ದೆ. ಹೇಳಿದರೆ ಮಾತು ಬೆಳೆದು, ಆ ಓದೇ ಬೇಡ ಎನ್ನುವಲ್ಲಿಗೆ ಬರುತ್ತಿತ್ತು. ಮೈಯೆಲ್ಲ ಉರಿದರೂ ತೆಪ್ಪಗೆ ಹಿತ್ತಲಿಗೆ ಹೋಗಿ ತಣ್ಣೀರು ಸುರಿದುಕೊಂಡೆ. ಶವ ಕೊಯ್ಯುವ ಆ ಟೇಬಲ್ಲನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ವರ್ಷವಿಡೀ ಹಾಗೇ ನಡೆಯಿತು. ಡಿಸೆಂಬರಿನ ಚಳಿಯಲ್ಲೂ, ಜ್ವರ ಬಂದಾಗಲೂ ತಪ್ಪಿಸಲಿಲ್ಲ. ಒದ್ದೆ ತಲೆಯಲ್ಲೇ ಕೂತು, ಅಂದು ಶವದಲ್ಲಿ ಬಿಡಿಸಿ ನೋಡಿದ ನರಗಳನ್ನು ನೆನಪಿನಿಂದ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ತಪ್ಪಾದರೆ ಅಳಿಸಿ ಮತ್ತೆ ಬರೆಯುತ್ತಿದ್ದೆ.

ಕೊನೆಯ ತರಗತಿ ಮುಗಿಸಿ ಬಂದ ದಿನ, ಸ್ನಾನವಾದ ಮೇಲೆ ಅಜ್ಜಿಗೆ ಹೇಳಿದೆ, "ನಾಳೆಯಿಂದ ಇದಿಲ್ಲ ಅಜ್ಜಿ. ಎಲ್ಲಾ ಮುಗೀತು."

ಟವೆಲ್ ಕೊಡುತ್ತಾ ಅವಳು ಕೇಳಿದಳು, "ಇಷ್ಟು ದಿನ ನೀನು ಕುಯ್ದು ಓದಿದ್ದು ಒಬ್ರನ್ನೇನಾ?"

"ಹೂಂ, ನಮ್ಮ ಟೇಬಲ್‌ಗೆ ಒಬ್ರೇ. ವಯಸ್ಸಾದೋರು. ಅವ್ರನ್ನ ಕೇಳ್ಕೊಂಡು ಯಾರೂ ಬರ್ಲಿಲ್ಲವಂತೆ."

ಅಜ್ಜಿ ಬಕೆಟ್ಟನ್ನು ತನ್ನತ್ತ ಎಳೆದುಕೊಂಡಳು.

"ಸತ್ತೋರ್ಗೆ ಅಂತ ತಲೆಗೆ ನೀರು ಉಯ್ಕೊಳ್ಳೋದು ಅವ್ರ ಮನೆಯೋರು. ಆಯಪ್ಪಂಗೆ ನೀನೊಬ್ಳಾದ್ರೂ ಇದ್ದೆ."

ಹಾಗೆಂದವಳು ಸೆರಗು ಸಿಕ್ಕಿಸಿ ಸ್ನಾನದ ಕಲ್ಲಿನ ಮೇಲೆ ಕೂತು, ಬಕೆಟ್ಟಿನಲ್ಲಿ ಉಳಿದಿದ್ದ ನೀರನ್ನು ತನ್ನ ತಲೆಗೆ ಸುರಿದುಕೊಂಡಳು.