ಲ್ಯಾಪ್‌ಟಾಪಿನಲ್ಲಿ ರಾಮಕೋಟಿ

ಪುರಸೈವಾಕ್ಕಂನ ಸೀರೆ ಅಂಗಡಿ, ಪಾತ್ರೆ ಅಂಗಡಿಗಳ ನಡುವಿನ ಒಂದು ಪುಟ್ಟ ಅಂಗಡಿಯಲ್ಲಿ ರಾಮಕೋಟಿ ಪುಸ್ತಕ ಸಿಗುತ್ತದೆ. ಪುಟದ ತುಂಬ ಸಣ್ಣ ಸಣ್ಣ ಚೌಕಗಳು. ಒಂದೊಂದರಲ್ಲೂ ‘ಶ್ರೀರಾಮ’ ಎಂದು ಬರೆಯುತ್ತ ಹೋಗಬೇಕು, ಒಂದು ಕೋಟಿ ಆಗುವವರೆಗೆ. ನನ್ನ ಗಂಡನಿಗೆ ಹೃದಯದ ಆಪರೇಷನ್ ಆದ ದಿನ ನಮ್ಮತ್ತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಈ ಹರಕೆ ಹೊತ್ತರು. ಮಗ ಉಳಿದ. ಕೋಟಿ ಎಂದರೆ ಎಷ್ಟು ಎಂದು ಆ ಬೆಂಚಿನ ಮೇಲೆ ಯಾರು ಲೆಕ್ಕ ಹಾಕುತ್ತಾರೆ?

ಕೆಲವು ವರ್ಷ ಬರೆದರು. ಪುಸ್ತಕ ಮುಗಿದ ಹಾಗೆಲ್ಲ ನಾನು ಆಫೀಸಿನಿಂದ ಬರುವಾಗ ಹೊಸದನ್ನು ತರುತ್ತಿದ್ದೆ. ಆಮೇಲೆ ಅವರ ಬಲಗೈ ನಡುಗಲು ಶುರುವಾಯಿತು. ಕಾಫಿ ಲೋಟವೇ ನಿಲ್ಲದ ಕೈಯಲ್ಲಿ ಪೆನ್ನು ಎಲ್ಲಿ ನಿಲ್ಲಬೇಕು? ಬರವಣಿಗೆ ನಿಂತಿತು, ಅದರ ಜೊತೆಗೆ ಅವರ ಊಟ ನಿದ್ದೆಯೂ ಅರ್ಧವಾಯಿತು. ಹರಕೆ ಅರ್ಧಕ್ಕೆ ಬಿಟ್ಟರೆ ಮಗನಿಗೆ ಏನಾದರೂ ಆಗುತ್ತದೆ ಎಂಬ ಭಯ ಅವರಿಗೆ.

“ನಾನು ಬರೀತೀನಿ ಬಿಡಿ ಅತ್ತೆ” ಎಂದರೆ, “ಹರಕೆ ಹೊತ್ತ ಕೈಯೇ ಬರೀಬೇಕು ಕಣಮ್ಮ” ಎನ್ನುತ್ತಿದ್ದರು.

ನನಗೆ ಸಿಟ್ಟು ಬರುತ್ತಿತ್ತು. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಸತ್ಯ ಹೇಳಿಬಿಡುತ್ತೇನೆ: ರಾಯಪುರಂನ ಆಫೀಸಿನಿಂದ ಗಂಡ ಬರುವುದು ಸ್ವಲ್ಪ ತಡವಾದರೆ ಸಾಕು, ನನ್ನ ಕಣ್ಣು ಗಡಿಯಾರದ ಮೇಲೇ ಇರುತ್ತಿತ್ತು. ಅತ್ತೆಯ ಭಯ ನನಗೂ ಅಂಟಿಕೊಂಡಿತ್ತು.

ಒಂದು ಶನಿವಾರ ಮಧ್ಯಾಹ್ನ, ಗಂಡ ಆಫೀಸಿಗೆ ಹೋಗಿದ್ದಾಗ, ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ವರದಿಯ ಸಾಲುಗಳನ್ನು ಕಾಪಿ ಮಾಡಿ ಪೇಸ್ಟ್ ಮಾಡುತ್ತಿದ್ದೆ. ಅತ್ತೆ ಹಿಂದೆ ನಿಂತು ನೋಡುತ್ತಿದ್ದರು.

“ಅದೇನು, ಒಂದು ಸಲ ಬರೆದದ್ದು ಎರಡಾಯ್ತಲ್ಲ?”

“ಎಷ್ಟು ಬೇಕಾದರೂ ಆಗುತ್ತೆ ಅತ್ತೆ. ಗುಂಡಿ ಒತ್ತಿದರೆ ಸಾಕು.”

“ಆ ಗುಂಡಿ ನಾನು ಒತ್ತಿದ್ರೆ, ನನ್ನ ಕೈ ಬರೆದ ಹಾಗೇ ಅಲ್ವಾ?”

ವಕೀಲರಾಗಬೇಕಿತ್ತು ನಮ್ಮತ್ತೆ. ನಾನು ವರದಿಯನ್ನು ಮುಚ್ಚಿ ಹೊಸ ಪುಟ ತೆರೆದೆ. ಅವರು ಸ್ನಾನ ಆಗಿದ್ದರೂ ಮತ್ತೆ ಕೈಕಾಲು ತೊಳೆದು, ಲ್ಯಾಪ್‌ಟಾಪಿನ ಮೂಲೆಗೊಂದು ಚೂರು ಕುಂಕುಮ ಇಟ್ಟು ಕೂತರು. ಮೊದಲ ‘ಶ್ರೀರಾಮ’ವನ್ನು ಅವರ ಬೆರಳು ಹಿಡಿದುಕೊಂಡು ಟೈಪ್ ಮಾಡಿಸಿದೆ. ಆಮೇಲೆ ಅಲ್ಲಿಯವರೆಗೆ ಆದದ್ದನ್ನೆಲ್ಲ ಒಟ್ಟಿಗೆ ಕಾಪಿ ಮಾಡುವುದು ನಾನು, ಅದನ್ನು ಇಳಿಸುವ ಗುಂಡಿ ಒತ್ತುವುದು ಅವರು. ನಡುಗುವ ಬೆರಳು ಒಂದು ಸಲ ಒತ್ತುವ ಕಡೆ ನಾಲ್ಕೈದು ಸಲ ಒತ್ತುತ್ತಿತ್ತು. ಪುಟಗಳು ದಬದಬನೆ ಹೆಚ್ಚಿದವು.

“ಅಡೇಯಪ್ಪಾ! ಈ ಕೈ ಇದಕ್ಕಾದರೂ ಬಂತಲ್ಲ!” ಎಂದು ಅತ್ತೆ ನಕ್ಕರು. ಅವರ ನಗು ಕೇಳಿ ಎಷ್ಟೋ ದಿನವಾಗಿತ್ತು.

ಇನ್ನೊಂದು ಸಲ ಒತ್ತಿದರು. ಪರದೆ ಬಿಳಿಚಿಕೊಂಡು ನಿಂತಿತು. ನಡುವೆ ಒಂದು ಚಕ್ರ ತಿರುಗತೊಡಗಿತು.

ನಾನು ಎಲ್ಲವನ್ನೂ ಮುಚ್ಚಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಅದೇ ಕಥೆ. ಸ್ವಲ್ಪ ಸ್ವಲ್ಪವೇ ಕಾಪಿ ಮಾಡಿ ನೋಡಿದೆ. ಬೇರೆ ಕಿಟಕಿಗಳನ್ನೆಲ್ಲ ಮುಚ್ಚಿದೆ, ಅಕ್ಷರ ಚಿಕ್ಕದು ಮಾಡಿದೆ, ಕೊನೆಗೆ ಬೈದೂ ನೋಡಿದೆ. ಲ್ಯಾಪ್‌ಟಾಪು ಇಡ್ಲಿ ಪಾತ್ರೆಯಂತೆ ಬಿಸಿಯಾಗಿ ಬುಸುಗುಟ್ಟುತ್ತಿತ್ತು, ಚಕ್ರ ಮಾತ್ರ ತನ್ನ ಪಾಡಿಗೆ ತಿರುಗುತ್ತಿತ್ತು. ರಾಮನೇ ಬೇಡವೆಂದ ಎಂದು ಅತ್ತೆ ಹಾಸಿಗೆ ಹಿಡಿದರೆ? ಸುಮ್ಮನಿದ್ದವರಿಗೆ ಆಸೆ ಹುಟ್ಟಿಸಿದವಳು ನಾನೇ ಅಲ್ಲವೇ?

“ತಾಳಿ ಅತ್ತೆ, ಇನ್ನೊಂದು ದಾರಿ ಇದೆ” ಎಂದೆ. ದಾರಿ ಯಾವುದೂ ಇರಲಿಲ್ಲ.

ಅತ್ತೆ ಮುಂದೆ ಬಾಗಿ, ಲ್ಯಾಪ್‌ಟಾಪಿನ ಬೆನ್ನಿಗೆ ಅಂಗೈ ಇಟ್ಟು ನೋಡಿದರು. ಜ್ವರ ಬಂದ ಮಗುವನ್ನು ಮುಟ್ಟಿ ನೋಡುವ ಹಾಗೆ.

“ಅಯ್ಯೋ ಪಾವಂ, ಎಷ್ಟು ಸುಡ್ತಿದೆ ನೋಡು. ಬಿಟ್ಟುಬಿಡಮ್ಮ, ಅದರ ಕೈಲೂ ಆಗ್ತಿಲ್ಲ.”

“ಇನ್ನೊಂದೇ ಸಲ...”

“ಬೇಡ ಅಂದೆನಲ್ಲ. ಇಷ್ಟೊಂದು ಮಾಡೋ ಮೆಷಿನ್ನೇ ಆಗಲ್ಲ ಅಂತ ಕೂತುಬಿಡ್ತು. ನನ್ನದೊಂದು ಕೈಯಾ? ಆಗದೇ ಇರೋದನ್ನ ಆಗಲ್ಲ ಅಂದ್ರೆ ರಾಮ ಕೋಪಿಸ್ಕೋತಾನಾ? ಅವನೇನು ನಿಮ್ಮ ಆಫೀಸಿನ ಮ್ಯಾನೇಜರಾ?”

ನಾನು ಅವರ ಮುಖ ನೋಡಿದೆ. ಅಳುತ್ತಾರೇನೋ ಎಂದುಕೊಂಡಿದ್ದೆ. ಅತ್ತೆ ನಿಜವಾಗಿಯೂ ಹಗುರಾಗಿದ್ದರು.

“ಮೊಸರನ್ನ ಇದೆಯಾ? ಹಸಿವಾಗ್ತಿದೆ” ಎಂದರು.

ಮಾವಿನಮಿಡಿ ಉಪ್ಪಿನಕಾಯಿ ಜೊತೆ ಎರಡು ಸಲ ಹಾಕಿಸಿಕೊಂಡು ತಿಂದರು. ಕೈ ನಡುಗಿ ನಾಲ್ಕು ಅಗುಳು ಮೇಜಿನ ಮೇಲೆ ಬಿದ್ದದ್ದಕ್ಕೆ ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಆಮೇಲೆ ಕೋಣೆಗೆ ಹೋಗಿ ಮಲಗಿದರು. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಗೊರಕೆ ಕೇಳಿಸುತ್ತಿತ್ತು. ಬಾಗಿಲಲ್ಲಿ ನಿಂತು ಆ ಗೊರಕೆ ಕೇಳುತ್ತ ನನ್ನ ಕಣ್ಣು ತುಂಬಿ ಬಂತು.

ವಾಪಸು ಬಂದು ನೋಡಿದರೆ ಲ್ಯಾಪ್‌ಟಾಪಿಗೆ ಜೀವ ಬಂದಿತ್ತು. ಚಕ್ರ ನಿಂತು, ಪರದೆಯ ತುಂಬ ಶ್ರೀರಾಮ, ಶ್ರೀರಾಮ. ಕೆಳಗೆ ಪುಟಗಳ ಸಂಖ್ಯೆ ಇನ್ನೂ ಏರುತ್ತಲೇ ಇತ್ತು. ಇನ್ನೆರಡು ಸಲ ಒತ್ತಿದರೆ ಕೋಟಿ ಮುಟ್ಟಿದರೂ ಮುಟ್ಟಬಹುದಿತ್ತು. ಎಬ್ಬಿಸಲೇ ಎಂದುಕೊಂಡೆ. ಎಬ್ಬಿಸಿದರೆ ಮತ್ತೆ ಅದೇ ಎಣಿಕೆ, ಅದೇ ಅರ್ಧ ಊಟ. ಮುಚ್ಚುವ ಗುರುತನ್ನು ಒತ್ತಿದೆ. ಉಳಿಸಿಕೊಳ್ಳಲೇ ಎಂದು ಅದು ಕೇಳಿತು. ಬೇಡ ಎಂದೆ. ಮೂಲೆಯ ಕುಂಕುಮವನ್ನು ಮಾತ್ರ ಒರೆಸಲಿಲ್ಲ.

ಅಂದು ಗಂಡ ಬಂದಾಗ ಬೀದಿದೀಪ ಹತ್ತಿತ್ತು. “ಲೇಟಾಯ್ತು, ಗಾಬರಿಯಾದೆಯಾ?” ಎಂದು ಚಪ್ಪಲಿ ಬಿಡುತ್ತ ಕೇಳಿದರು. ಆಗಲೇ ನನಗೆ ಗೊತ್ತಾದದ್ದು, ಮಧ್ಯಾಹ್ನದಿಂದ ನಾನು ಗಡಿಯಾರ ನೋಡಿಯೇ ಇರಲಿಲ್ಲ.